ಅಮಾವಾಸ್ಯೆಯ ಹೊಸ ಚುಕ್ಕೆ

ನಮ್ಮ ಪ್ರಾಂಶುಪಾಲ ಡಾ. ಮುರಳಿಕೃಷ್ಣ ಆಟಿ ಅಮಾವಾಸ್ಯೆಯನ್ನು ಕ್ಯಾಪ್ಸೂಲಿನೊಳಗೆ ತುಂಬಿಸುವುದೆಂದು ತೀರ್ಮಾನಿಸಿದ್ದು ಜೂನ್ ತಿಂಗಳ ಒಂದು ಸೋಮವಾರ, ಚಾ ಕುಡಿಯುವ ಹೊತ್ತಿಗೆ. ಅದಕ್ಕೆ ಮೊದಲಿನ ಸೋಮವಾರ ಅವರು ಹಲಸಿನ ಬೀಜದ ಟೂತ್‌ಪೇಸ್ಟ್ ಮಾಡುವುದೆಂದು ತೀರ್ಮಾನಿಸಿದ್ದರು. ಆ ಪೇಸ್ಟ್ ಟ್ಯೂಬಿನಿಂದ ಹೊರಗೆ ಬರಲೇ ಇಲ್ಲ. ಹಾಗಾಗಿ ಯಾರಿಗೂ ತೊಂದರೆಯಾಗಲಿಲ್ಲ.

ನಾನು ಸುಹರಾ. ಪುತ್ತೂರಿನ ದರ್ಬೆಯಲ್ಲಿರುವ ಈ ಫಾರ್ಮಸಿ ಕಾಲೇಜಿನ ಸಂಶೋಧನಾ ಲ್ಯಾಬಿನಲ್ಲಿ ಏಳು ವರ್ಷಗಳಿಂದ ತಾತ್ಕಾಲಿಕ ಅನಾಲಿಸ್ಟ್. ಗಿಡದ ಸಾರ ತೆಗೆಯುವುದು, ಅದರಲ್ಲಿ ಏನಿದೆ ಎಂದು ನೋಡುವುದು, ಇದ್ದದ್ದನ್ನು ಬರೆಯುವುದು ನನ್ನ ಕೆಲಸ. ಇಲ್ಲದ್ದನ್ನು ಬರೆಯುವ ಕೆಲಸವನ್ನು ಪ್ರಾಂಶುಪಾಲರು ತಾವೇ ಇಟ್ಟುಕೊಂಡಿದ್ದಾರೆ. ಸೆಪ್ಟೆಂಬರಿನಲ್ಲಿ ನನ್ನನ್ನು ಖಾಯಂ ಮಾಡುತ್ತೇನೆಂದು ಅವರು ಹೇಳುತ್ತಲೇ ಬಂದಿದ್ದರು. ಈ ಸಲ ಮಾತ್ರ ಆದೇಶ ಟೈಪಾಗಿ ಅವರ ಡ್ರಾಯರಿನಲ್ಲಿತ್ತು. ನಾನೇ ಕಣ್ಣಾರೆ ನೋಡಿದ್ದೆ.

ಜುಲೈ-ಆಗಸ್ಟಿನ ನಡುವೆ ಬರುವ ತುಳುವರ ಆಟಿ ತಿಂಗಳ ಅಮಾವಾಸ್ಯೆಯಂದು ಬೆಳಕು ಹರಿಯುವ ಮೊದಲೇ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ರಸ ತೆಗೆದು, ಕರಿಮೆಣಸು ಬೆಳ್ಳುಳ್ಳಿ ಸೇರಿಸಿ ಖಾಲಿ ಹೊಟ್ಟೆಯಲ್ಲಿ ಕುಡಿಯುವುದು ನಮ್ಮ ಕಡೆಯ ಪದ್ಧತಿ. ಆ ಒಂದು ದಿನ ಆ ಮರದಲ್ಲಿ ಎಲ್ಲ ಮದ್ದೂ ಸೇರಿರುತ್ತದೆ ಎಂಬ ನಂಬಿಕೆ. ಆಲಂಕಾರಿನ ನಮ್ಮ ಮನೆಗೂ ಪಕ್ಕದ ಈಶ್ವರಿ ಟೀಚರ ಮನೆಯಿಂದ ಅರ್ಧ ಲೋಟ ಕಷಾಯ ಬರುತ್ತಿತ್ತು. ನನ್ನ ಬಾಪ ಅಲಿ ಕುಂಞಿ ಮೂಗು ಹಿಡಿದು ಅದನ್ನು ಕುಡಿದು, ಆಮೇಲೆ ಕೊಡುವ ಮೆಂತೆ ಗಂಜಿಗಾಗಿ ಟೀಚರ ಜಗಲಿಯಲ್ಲಿ ಹೋಗಿ ಕೂರುತ್ತಿದ್ದರು. ಕಷಾಯ ಉಷ್ಣ, ಗಂಜಿ ತಂಪು. ನನಗೆ ಈ ಪದ್ಧತಿಯ ಬಗ್ಗೆ ಯಾವ ತಕರಾರೂ ಇಲ್ಲ. ತಕರಾರಿದ್ದದ್ದು ಬ್ರೋಷರಿನ ಬಗ್ಗೆ. "ಅಮಾವಾಸ್ಯೆಯ ತೊಗಟೆಯಲ್ಲಿ ಬೇರೆ ದಿನ ಕಾಣದ ಅಂಶ ಪತ್ತೆ" ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿತ್ತು. ಅದು ಅಚ್ಚಾಗಿ ಬಂದ ದಿನ ಅಮಾವಾಸ್ಯೆಗೆ ಇನ್ನೂ ಮೂರು ವಾರವಿತ್ತು.

ಪ್ರಯೋಗ ಸರಳವಾಗಿತ್ತು. ಸಾಮಾನ್ಯ ದಿನದ ತೊಗಟೆ ಒಂದು, ಅಮಾವಾಸ್ಯೆಯ ತೊಗಟೆ ಒಂದು. ಎರಡರ ಸಾರವನ್ನೂ ತೆಗೆದು ಹೋಲಿಸುವುದು. ಸಾಮಾನ್ಯ ದಿನದ್ದನ್ನು ನಮ್ಮ ಅಟೆಂಡರ್ ದೇವದಾಸಣ್ಣ ಕೋಡಿಂಬಾಳದ ತಮ್ಮ ಮನೆಯ ಹತ್ತಿರದ ಹಾಲೆ ಮರದಿಂದ ಹಗಲಿನಲ್ಲಿ, ಕತ್ತಿಯಲ್ಲಿ ಕೆತ್ತಿ, ಬ್ರೆಡ್ಡಿನ ಕವರಿನಲ್ಲಿ ಹಾಕಿ ತಂದರು. ಅಮಾವಾಸ್ಯೆಯದ್ದಕ್ಕೆ ಪ್ರಾಂಶುಪಾಲರು ದೇವದಾಸಣ್ಣನನ್ನು ಕರೆದುಕೊಂಡು ಅದೇ ಜಾಗಕ್ಕೆ ತಾವೇ ಹೊರಟರು. ಹಿಂದಿನವರ ಕ್ರಮ ಒಂದೂ ತಪ್ಪಬಾರದು ಎಂದು ಪಟ್ಟಿ ಮಾಡಿದ್ದರು. ಲೋಹ ತಾಗಿಸುವಂತಿಲ್ಲ, ಟಾರ್ಚ್ ಹಾಕುವಂತಿಲ್ಲ, ತೊಗಟೆ ಲ್ಯಾಬಿನೊಳಗೆ ಬರುವವರೆಗೆ ಯಾರೂ ಮಾತಾಡುವಂತಿಲ್ಲ. ಹಿಂದಿನವರ ಇನ್ನೊಂದು ಕ್ರಮವೂ ಇತ್ತು. ಕತ್ತಲೆಯಲ್ಲಿ ಮರ ತಪ್ಪಬಾರದೆಂದು ಅವರು ಹಿಂದಿನ ದಿನವೇ ಬಂದು ಹಾಲೆ ಮರಕ್ಕೆ ಹಗ್ಗ ಕಟ್ಟಿ ಹೋಗುತ್ತಿದ್ದರು. ಅದು ಪಟ್ಟಿಯಲ್ಲಿ ಇರಲಿಲ್ಲ.

ತೊಗಟೆ ಬಂತು. ನಾನು ಸಾರ ತೆಗೆದೆ. ಸಾರದ ಒಂದು ಹನಿಯನ್ನು ಬಿಳಿ ಫಲಕದ ಬುಡದಲ್ಲಿಟ್ಟು ದ್ರಾವಣದಲ್ಲಿ ನಿಲ್ಲಿಸಿದರೆ, ಒಳಗಿರುವ ಒಂದೊಂದು ಅಂಶವೂ ಬೇರೆ ಬೇರೆ ಎತ್ತರಕ್ಕೆ ಹತ್ತಿ ಚುಕ್ಕೆಯಾಗಿ ನಿಲ್ಲುತ್ತದೆ. ಎರಡು ಸಾರಗಳನ್ನು ಪಕ್ಕಪಕ್ಕದಲ್ಲಿ ಹತ್ತಿಸಿದೆ. ಅಮಾವಾಸ್ಯೆಯದ್ದರಲ್ಲಿ ಎರಡು ದಪ್ಪ ಕಿತ್ತಳೆ ಚುಕ್ಕೆಗಳು ಬಂದವು. ಸಾಮಾನ್ಯ ದಿನದ್ದರಲ್ಲಿ ಅವು ಇರಲಿಲ್ಲ. ಸಾಮಾನ್ಯ ದಿನದ್ದರಲ್ಲಿ ಇದ್ದದ್ದು ಒಂದೂ ಅಮಾವಾಸ್ಯೆಯದ್ದರಲ್ಲಿ ಇರಲಿಲ್ಲ.

ಪ್ರಾಂಶುಪಾಲರು ಫಲಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು.

"ನೋಡಿದ್ರಾ ಸುಹರಾ. ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಹೊಸ ಅಂಶ ಬಂದಿದೆ. ಅಮಾವಾಸಿನ್ ಅಂತ ಹೆಸರಿಡುವ."

"ಸರ್, ಹಳೆಯದು ಎಲ್ಲಿ ಹೋಯ್ತು?"

"ಬದಲಾಗಿದೆ. ಅದೇ ಅಮಾವಾಸ್ಯೆಯ ಗುಣ."

ಒಂದು ಮರ ಒಂದೇ ರಾತ್ರಿಯಲ್ಲಿ ತನ್ನ ಇಡೀ ಸಂಸಾರವನ್ನು ಹೊರಗೆ ಹಾಕಿ ಹೊಸ ಸಂಸಾರ ಹೂಡಿದೆ ಎಂಬುದು ಅವರಿಗೆ ಸ್ವಲ್ಪವೂ ವಿಚಿತ್ರವೆನಿಸಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಲ್ಯಾಬಿಗೆ ಬಂದು ದೇವದಾಸಣ್ಣನನ್ನು ಹಿಡಿದೆ. ಅವರು ಬೀಕರ್ ತೊಳೆಯುತ್ತಿದ್ದರು.

"ದೇವದಾಸಣ್ಣ, ಅಮಾವಾಸ್ಯೆ ದಿನ ನೀವು ಯಾವ ಮರದ್ದು ತಂದದ್ದು?"

"ಅದು ಕಾಸರಕದ್ದು," ಎಂದರು ಅವರು, ಬೀಕರಿನಿಂದ ಕಣ್ಣು ತೆಗೆಯದೆ.

ಕಾಸರಕವೆಂದರೆ ವಿಷದ ಮರ. ನಮ್ಮ ಕಡೆಯ ಮಕ್ಕಳಿಗೂ ಗೊತ್ತು.

"ನಿಮಗೆ ಆಗಲೇ ಗೊತ್ತಿತ್ತಾ?"

"ಗೊತ್ತಿಲ್ಲದೆ ಎಂತ? ನಾನು ಹಿಂದಿನ ದಿನವೇ ಹಾಲೆ ಮರಕ್ಕೆ ಹಗ್ಗ ಕಟ್ಟಿ ಬಂದಿದ್ದೆ. ಸರ್ ಮುಂದೆ ಮುಂದೆ ಹೋಗಿ ಪಕ್ಕದ್ದಕ್ಕೆ ಕುಟ್ಟಿದ್ರು. ಹಾಲೆ ಆದ್ರೆ ಕುಟ್ಟುವಾಗಲೇ ಕೈಗೆ ಹಾಲು ಅಂಟುದು. ಅಲ್ಲಿ ಒಂದು ಹನಿ ಇಲ್ಲ."

"ಮತ್ತೆ ಹೇಳ್ಬಾರ್ದಾ ಮಾರಾಯ್ರೆ?"

"ಮಾತಾಡ್ಲಿಕ್ಕಿಲ್ಲ ಅಂತ ಸರೇ ಹೇಳಿದ್ದಲ್ವಾ."

"ಒಳಗೆ ತಂದ ಮೇಲೆ?"

"ಯಾರೂ ಕೇಳ್ಲಿಲ್ಲ. ಇಷ್ಟು ದೊಡ್ಡ ಲ್ಯಾಬ್ ಉಂಟು, ಗೊತ್ತಾಗ್ತದೆ ಅಂತ ಗ್ರಹಿಸಿದೆ. ಈಗ ಗೊತ್ತಾಯ್ತಲ್ಲ."

ಅವರ ತಲೆಗೆ ಆ ಬೀಕರನ್ನೇ ಕುಕ್ಕುವಷ್ಟು ಸಿಟ್ಟು ಬಂತು. ಆದರೆ ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಗಾಜಿನ ಕಪಾಟಿನಲ್ಲಿ ವಿದ್ಯಾರ್ಥಿಗಳಿಗೆ ತೋರಿಸಲೆಂದು ಇಟ್ಟಿದ್ದ ಕಾಸರಕದ ಪುಡಿಯನ್ನು ತೆಗೆದು, ಅದರ ಸಾರವನ್ನೂ ಅಮಾವಾಸ್ಯೆಯ ಸಾರದ ಪಕ್ಕದಲ್ಲಿ ಹತ್ತಿಸಿದೆ. ಎರಡೂ ಸಾರಗಳ ಚುಕ್ಕೆಗಳು ಅಣ್ಣತಮ್ಮಂದಿರಂತೆ ಒಂದೇ ಎತ್ತರದಲ್ಲಿ ನಿಂತವು. ಸಾರದ ಮೇಲೆ ಒಂದು ಹನಿ ನೈಟ್ರಿಕ್ ಆಸಿಡ್ ಬಿಟ್ಟೆ. ರಕ್ತದ ಬಣ್ಣ ಬಂತು. ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾರಿಗೂ ಬೇಕಾಗಿಲ್ಲ.

ಪ್ರಾಂಶುಪಾಲರಿಗೆ ಬೇಕಾಗಿತ್ತು. ಅವರು ಮೊದಲು ಆ ಕೆಂಪು ಬಣ್ಣದ ಫೋಟೋ ತೆಗೆದರು, ಸ್ಲೈಡಿಗೆ ಚಂದ ಕಾಣುತ್ತದೆ ಎಂದು. ಆಮೇಲೆ ನನ್ನ ಮಾತು ಕೇಳಿದರು.

"ಕಾಸರಕವನ್ನೂ ಶುದ್ಧಿ ಮಾಡಿ ಔಷಧಕ್ಕೆ ಬಳಸ್ತಾರೆ, ಗೊತ್ತುಂಟಾ ನಿಮಗೆ?"

"ಗೊತ್ತುಂಟು ಸರ್. ನಾವು ಶುದ್ಧಿ ಮಾಡ್ಲಿಲ್ಲ. ಎಷ್ಟು ಕೊಡುದು ಅಂತಲೂ ನೋಡ್ಲಿಲ್ಲ. ಇಲಿಗೆ ಕೂಡ ಕೊಟ್ಟು ನೋಡ್ಲಿಲ್ಲ."

"ಸಾವಿರ ವರ್ಷದಿಂದ ಜನ ಕುಡಿದಿದ್ದಾರೆ. ಇಲಿ ಯಾಕೆ?"

"ಜನ ಕುಡಿದದ್ದು ಹಾಲೆ ಮರದ್ದು."

"ಸುಹರಾ, ನಾನೇ ಕೈಯಾರೆ ಕುಟ್ಟಿದ ತೊಗಟೆ ಅದು. ಬ್ರೋಷರ್ ಹೋಗಿದೆ, ಅತಿಥಿಗಳು ಒಪ್ಪಿದ್ದಾರೆ. ಭಾನುವಾರದ ಆಟಿ ಕಾರ್ಯಕ್ರಮಕ್ಕೆ ಇನ್ನೂರು ಕ್ಯಾಪ್ಸೂಲ್ ತುಂಬಿಸಿಡಿ. ಸೆಪ್ಟೆಂಬರ್ ಹತ್ತಿರ ಬಂತಲ್ಲ."

ದೂರು ಕೊಡಲು ಕಾಲೇಜಿನಲ್ಲಿ ನೈತಿಕ ಸಮಿತಿಯೊಂದಿದೆ. ಅದರ ಅಧ್ಯಕ್ಷರು ಡಾ. ಮುರಳಿಕೃಷ್ಣ. ನುಂಗಲು ಒಪ್ಪಿದ ಇನ್ನೂರು ಜನರ ಪಟ್ಟಿ ನನ್ನ ಮೇಜಿನ ಮೇಲೆಯೇ ಇತ್ತು. ಮೊದಲ ಹೆಸರು: ಈಶ್ವರಿ, ನಿವೃತ್ತ ಶಿಕ್ಷಕಿ, ಆಲಂಕಾರು, ವಯಸ್ಸು ಎಪ್ಪತ್ತೊಂದು, ಮೊಣಕಾಲು ನೋವು. ನನಗೆ ಮಗ್ಗಿ ಕಲಿಸಿದವರು, ನಮ್ಮ ಮನೆಗೆ ಕಷಾಯ ಕಳಿಸುತ್ತಿದ್ದವರು. ಸುಹರಾ ಇರುವ ಲ್ಯಾಬಿನದ್ದು, ಧೈರ್ಯದಿಂದ ನುಂಗಬಹುದು ಎಂದು ಊರಲ್ಲೆಲ್ಲ ಹೇಳಿದ್ದರಂತೆ. ನನಗೆ ಹೆದರಿಕೆಯಾಯಿತು. ಕೆಲಸ ಹೋಗುವ ಹೆದರಿಕೆಯೂ ಅದರಲ್ಲಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಶನಿವಾರ ಮಧ್ಯಾಹ್ನ ನಾನೊಬ್ಬಳೇ ಕೂತು ಇನ್ನೂರು ಕ್ಯಾಪ್ಸೂಲ್ ತುಂಬಿಸಿದೆ. ಹಸಿರು ಬಣ್ಣದ ದಪ್ಪ ಕವಚ, ಒಳಗಿನದ್ದು ಹೊರಗೆ ಕಾಣುವುದಿಲ್ಲ. ಒಳಗೆ ಹಾಕಿದ್ದು ಜೋಳದ ಪಿಷ್ಟ; ಮಾತ್ರೆ ಗಟ್ಟಿಯಾಗಲೆಂದು ಸೇರಿಸುವ, ಗುಣವೂ ಇಲ್ಲದ ದೋಷವೂ ಇಲ್ಲದ ಬಿಳಿ ಹಿಟ್ಟು. ಅಮಾವಾಸ್ಯೆಯ ಸಾರವನ್ನು ಕಂದು ಬಾಟಲಿಯಲ್ಲಿ ಹಾಕಿ, ಬಿರಡೆಗೆ ಮೇಣ ಹಚ್ಚಿ, ವಿಷದ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಉಪಾಯ ಮಾಡಿ ಎಲ್ಲರನ್ನೂ ಬಚಾವು ಮಾಡಿದೆ, ಕೆಲಸವನ್ನೂ ಉಳಿಸಿಕೊಂಡೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಭಾನುವಾರ ಕಾಲೇಜಿನ ಸಭಾಂಗಣದಲ್ಲಿ ಆಟಿಯ ಕಾರ್ಯಕ್ರಮ. ಪತ್ರೊಡೆ, ಎಳೆಬಿದಿರಿನ ಕಣಿಲೆ, ತಗತೆ ಸೊಪ್ಪಿನ ಪಲ್ಯ, ಮೂರು ಭಾಷಣ. ಮೊದಲ ಕ್ಯಾಪ್ಸೂಲನ್ನು ಪ್ರಾಂಶುಪಾಲರೇ ನುಂಗಬೇಕೆಂದು ಯಾರೋ ಹೇಳಿದರು. ಅವರು ಅದನ್ನು ಕೈಯಲ್ಲಿ ತಿರುಗಿಸಿ, ಇದು ಖಾಲಿ ಹೊಟ್ಟೆಯವರಿಗೆ, ನನ್ನದು ತಿಂಡಿಯಾಗಿದೆ ಎಂದು ನಕ್ಕು ಮತ್ತೆ ತಟ್ಟೆಯಲ್ಲಿಟ್ಟರು. ಆಗ ನನಗೆ ತಿಳಿಯಿತು, ನಾನು ಹೇಳಿದ್ದು ಅವರ ಕಿವಿಗೆ ಸರಿಯಾಗಿಯೇ ಬಿದ್ದಿತ್ತು. ಈಶ್ವರಿ ಟೀಚರು ಬಿಸಿನೀರಿನಲ್ಲಿ ತಮ್ಮದನ್ನು ನುಂಗಿ ನನ್ನ ಕಡೆ ನೋಡಿ ತಲೆಯಾಡಿಸಿದರು. ಅರ್ಧ ಗಂಟೆಯೊಳಗೆ ಹನ್ನೊಂದು ಜನರಿಗೆ ಉಷ್ಣವಾಯಿತು. ಅವರು ಮೆಂತೆ ಗಂಜಿ ಎಲ್ಲಿ ಎಂದು ಗಲಾಟೆ ಮಾಡಿ, ಕ್ಯಾಂಟೀನಿನಲ್ಲಿ ಬೇಯಿಸಿ ಕೊಡುವವರೆಗೆ ಏಳಲಿಲ್ಲ.

ಹದಿನೈದು ದಿನಗಳ ನಂತರ ನುಂಗಿದವರು ತುಂಬಿ ಕೊಟ್ಟ ಫಾರಂಗಳು ಬಂದವು. ಇನ್ನೂರರಲ್ಲಿ ನೂರ ನಲವತ್ತಾರು ಜನರಿಗೆ ಗುಣವಾಗಿತ್ತು. ಕಾಲು ಹಗುರ, ನಿದ್ರೆ ಚೆನ್ನಾಗಿದೆ, ಹಸಿವಾಗುತ್ತದೆ. ಅಡ್ಡ ಪರಿಣಾಮದ ಕಾಲಮ್ಮಿನಲ್ಲಿ ಸ್ವಲ್ಪ ಉಷ್ಣ ಬಿಟ್ಟರೆ ಏನೂ ಇಲ್ಲ. ಪ್ರಾಂಶುಪಾಲರು ಆ ಕಾಗದಗಳನ್ನು ಮಗುವಿನಂತೆ ಎದೆಗೆ ಒತ್ತಿಕೊಂಡು ಓಡಾಡಿದರು. ಸೆಪ್ಟೆಂಬರ್ ಮೊದಲ ವಾರ ನನ್ನನ್ನು ಕೋಣೆಗೆ ಕರೆದರು. ಎದುರಿನಲ್ಲಿ ಸುಳ್ಯದ ಮಹಾಗಣಪತಿಯವರು ಕೂತಿದ್ದರು, ಗಿಡಮೂಲಿಕೆಯ ಎಣ್ಣೆ, ಲೇಹ್ಯ ಮಾಡಿಸಿ ಊರೂರಿಗೆ ಮಾರುವವರು. ಮೇಜಿನ ಮೇಲೆ ಎರಡು ಕಾಗದಗಳಿದ್ದವು. ಒಂದು ನನ್ನ ಖಾಯಂ ಆದೇಶ. ಇನ್ನೊಂದು ವಿಶ್ಲೇಷಣಾ ವರದಿ, ನನ್ನ ಸಹಿಗೆ.

"ಐವತ್ತು ಸಾವಿರ ಕ್ಯಾಪ್ಸೂಲ್ ಬೇಕಂತೆ ಇವರಿಗೆ," ಎಂದರು ಪ್ರಾಂಶುಪಾಲರು. "ಇನ್ನೂರು ಜನ ನುಂಗಿ ಒಬ್ಬರಿಗೂ ಏನೂ ಆಗ್ಲಿಲ್ಲ. ನೀವು ಸುಮ್ಮನೆ ಹೆದರಿಸಿದ್ರಿ ನೋಡಿ. ಕೋಡಿಂಬಾಳದ ಅದೇ ಮರದ ತೊಗಟೆ ಇಡೀ ತೆಗೆಸುವ. ದೇವದಾಸನಿಗೆ ಹೇಳಿ ಆಗಿದೆ."

ಕಾಸರಕ ಅಪಾಯವಿಲ್ಲದ್ದು ಎಂದು ಈ ಭೂಮಿಯ ಮೇಲೆ ಯಾರಾದರೂ ಸಾಧಿಸಿ ತೋರಿಸಿದ್ದರೆ, ಅದು ನಾನು. ಶನಿವಾರ ಮಧ್ಯಾಹ್ನ, ಬಾಗಿಲು ಹಾಕಿಕೊಂಡು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ದೇವದಾಸಣ್ಣನಿಗೆ ಬಯ್ಯಲು ನನಗೆ ಯಾವ ಮುಖವಿತ್ತು?

ಎದ್ದು ಹೋಗಿ ಕಂದು ಬಾಟಲಿಯನ್ನು ತಂದು ಆ ಎರಡು ಕಾಗದಗಳ ನಡುವೆ ಇಟ್ಟೆ.

"ಸರ್, ನಿಮ್ಮ ಸಾರ ಇಲ್ಲೇ ಉಂಟು. ಒಂದು ಗ್ರಾಮ್ ಕೂಡ ಖರ್ಚಾಗ್ಲಿಲ್ಲ. ಅವತ್ತು ಎಲ್ಲರೂ ನುಂಗಿದ್ದು ಜೋಳದ ಪಿಷ್ಟ. ಇದನ್ನು ನುಂಗಿದ್ರೆ ಸಾಯ್ತಾರೆ."

ಪ್ರಾಂಶುಪಾಲರ ಮುಖ ಬಿಳುಚಿತು, ಆಮೇಲೆ ಕೆಂಪಾಯಿತು. "ಇದು ಸಂಶೋಧನೆಗೆ ಮಾಡಿದ ದ್ರೋಹ," ಎಂದರು. ಅವರ ಬಾಯಿಯಿಂದ ಆ ಮಾತು ಕೇಳಿ ನನಗೆ ನಗು ಬಂತು. ತಡೆದುಕೊಂಡೆ.

ಮಹಾಗಣಪತಿಯವರು ಮಾತ್ರ ಕುರ್ಚಿಯನ್ನು ಮುಂದೆ ಎಳೆದುಕೊಂಡರು. "ಹಾಗಾದ್ರೆ ಆ ನೂರ ನಲವತ್ತಾರು ಜನರಿಗೆ ಗುಣ ಆದದ್ದು ಪಿಷ್ಟದಲ್ಲಾ?"

"ಹೌದು."

"ಮತ್ತೆ ಅದನ್ನೇ ಮಾಡುವ ಅಲ್ವಾ ಡಾಕ್ಟ್ರೆ? ಮರ ಕೆತ್ತುದು, ಅರಣ್ಯದವರಿಗೆ ಉತ್ತರ ಕೊಡುದು, ಒಂದೂ ಇಲ್ಲ."

ಪ್ರಾಂಶುಪಾಲರ ಮುಖಕ್ಕೆ ಮೆಲ್ಲಗೆ ಕಳೆ ಬರುತ್ತಿರುವುದನ್ನು ನಾನು ನೋಡುತ್ತಲೇ ಇದ್ದೆ. ಕೊನೆಗೆ ಕೇಳಿದರು:

"ಸುಹರಾ, ನೀವು ಆ ಪಿಷ್ಟ ತುಂಬಿಸಿದ್ದು ಆಟಿ ತಿಂಗಳಲ್ಲೇ ಅಲ್ವಾ?"

ನಾನು ವರದಿಯನ್ನು ಎಳೆದುಕೊಂಡು, 'ಹಾಲೆ ಮರದ ತೊಗಟೆಯ ಸಾರ' ಎಂದಿದ್ದಲ್ಲಿ ಗೆರೆ ಹೊಡೆದು 'ಜೋಳದ ಪಿಷ್ಟ ಮಾತ್ರ' ಎಂದು ಬರೆದು ಸಹಿ ಹಾಕಿದೆ. ಅದರ ಕೆಳಗೆ, ಬಾಟಲಿಯಲ್ಲಿರುವುದು ಕಾಸರಕ ಎಂದೂ ಬರೆದೆ. ಆ ವರದಿಯ ಫೋಟೋ ತೆಗೆದು ಆ ಇನ್ನೂರು ಜನರಿಗೂ ಕಳಿಸುತ್ತೇನೆಂದು ಹೇಳಿದೆ. ಪ್ರಾಂಶುಪಾಲರು ಪಕ್ಕದಲ್ಲಿದ್ದ ನನ್ನ ಖಾಯಂ ಆದೇಶವನ್ನು ಎತ್ತಿ ಡ್ರಾಯರಿನೊಳಗೆ ಹಾಕಿದರು. ಬಾಟಲಿಯನ್ನು ನಾನು ಅಲ್ಲಿ ಬಿಡಲಿಲ್ಲ.

ಹೊರಗೆ ಬಂದು ಮೊದಲು ಈಶ್ವರಿ ಟೀಚರಿಗೆ ಫೋನ್ ಮಾಡಿದೆ. ಎಲ್ಲವನ್ನೂ ಬಿಡಿಸಿ ಹೇಳಿದೆ. ತಪ್ಪಾಯಿತು ಟೀಚರ್, ನಿಮಗೆ ಹಿಟ್ಟು ನುಂಗಿಸಿದೆ ಎಂದೆ.

"ಒಳ್ಳೆದು ಮಾಡಿದಿ ಮಗಾ, ಜೀವ ಉಳಿಸಿದಿ," ಎಂದರು ಟೀಚರು. "ಆದ್ರೆ ಆಮೇಲೆ ನಾನು ಮೆಟ್ಟಿಲು ಹತ್ತುದು ಗೊತ್ತುಂಟಾ? ಹಿಡಿಯದೆ ಹತ್ತುದು. ನನಗೆ ಹೇಳಿದ್ದು ಹೇಳಿದಿ, ನನ್ನ ಮೊಣಕಾಲಿಗೆ ಹೇಳ್ಬೇಡ. ಅದು ಇನ್ನೆರಡು ಉಳಿದಿದ್ರೆ ಕಳಿಸ್ತಿಯಾ?"

ಖಾಯಂ ಕೆಲಸ ಕೈತಪ್ಪಿದ್ದಕ್ಕೆ ಬಾರದ ಅಳು ಆಗ ಬಂತು. ಸಿಟ್ಟೂ ಬಂತು, ಯಾರ ಮೇಲೆ ಎಂದು ಈಗಲೂ ಹೇಳಲಾರೆ. ಫೋನ್ ಇಟ್ಟು ಲ್ಯಾಬಿಗೆ ಹೋಗಿ ಹಸಿರು ಕ್ಯಾಪ್ಸೂಲಿನ ಡಬ್ಬಿ ತೆರೆದು ನೋಡಿದೆ. ಖಾಲಿ ಕವಚಗಳು ಇನ್ನೂ ಬಹಳ ಇದ್ದವು, ಪಿಷ್ಟವೂ ಇತ್ತು. ಎರಡನ್ನು ತುಂಬಿಸಿ ಕಿಸೆಗೆ ಹಾಕಿಕೊಂಡೆ.