ನೂರಿಪ್ಪತ್ತು ಕುರ್ಚಿಯ ಹಾಡುಗಾರ್ತಿ

ಲವಂಗದ ಕೊಯ್ಲು ಶುರುವಾಗಿ ಹನ್ನೆರಡು ದಿನವಾಗಿತ್ತು. ಮರ ಹತ್ತುವವರು ನಸುಕಿಗೇ ತೋಟಕ್ಕೆ ಹೋಗಿ, ಹೊತ್ತು ನೆತ್ತಿಗೇರುವ ಮುಂಚೆ ಗೊಂಚಲಿನ ಚೀಲಗಳನ್ನು ತಂದು ಕೊಂಗೇನಿ ಊರಿನ ಹಾಡುಮನೆಯ ಜಗುಲಿಯಲ್ಲಿ ಸುರಿಯುತ್ತಿದ್ದರು. ಹೆಂಗಸರು ಚಾಪೆಯ ಸುತ್ತ ಕಾಲು ಚಾಚಿ ಕುಳಿತು, ಗೊಂಚಲನ್ನು ಅಂಗೈಗೆ ಒತ್ತಿ ತಿರುಚಿ, ಮೊಗ್ಗು ಒಂದು ಕಡೆ ಕಡ್ಡಿ ಒಂದು ಕಡೆ ಮಾಡುತ್ತಿದ್ದರು. ಪೂರ್ವ ಆಫ್ರಿಕಾದ ಕಡಲಿನ ಪೆಂಬಾ ದ್ವೀಪದಲ್ಲಿ ಆ ಎರಡು ತಿಂಗಳು ಯಾರ ಕೈ ಮೂಸಿದರೂ ಒಂದೇ ವಾಸನೆ. ಕಲಸಿದ ಹಿಟ್ಟಿಗೂ ಅದೇ, ತೊಟ್ಟಿಲ ಬಟ್ಟೆಗೂ ಅದೇ.

ಚಾಪೆಯ ತಲೆಯಲ್ಲಿ ಕುಳಿತವಳು ಕಿದಾವಾ. ಊರಿನ ಬಾಯಲ್ಲಿ ಬಿ ಕಿದಾವಾ. ಐವತ್ತು ದಾಟಿದ ಹೆಂಗಸನ್ನು ಹೆಸರಿನ ಮುಂದೆ ಬಿ ಹಚ್ಚದೆ ಕರೆಯುವುದು ಅಲ್ಲಿ ಮರ್ಯಾದೆಯಲ್ಲ. ಹಾಡುಮನೆಯ ಬೀಗದ ಕೈ ಇಪ್ಪತ್ತು ವರ್ಷದಿಂದ ಅವಳ ಸೊಂಟದಲ್ಲಿತ್ತು. ಮನೆಯೇನೂ ದೊಡ್ಡದಲ್ಲ. ಒಂದು ಗೇಣೆತ್ತರದ ಕಟ್ಟೆ, ನೂರಿಪ್ಪತ್ತು ಕುರ್ಚಿ, ಹೋದ ವರ್ಷ ಊರವರೇ ಸೇರಿ ಹೊದಿಸಿದ ತಗಡು. ಆದರೆ ಕಟ್ಟೆಯ ಮೇಲೆ ಹಾಡುಗಾರ್ತಿ ಉಸಿರೆಳೆದುಕೊಂಡರೆ ಕೊನೆಯ ಕುರ್ಚಿಗೆ ಕೇಳುತ್ತದೆ ಎಂಬುದು ಕಿದಾವಾಳ ಹೆಮ್ಮೆ. ಇಡೀ ದ್ವೀಪದಲ್ಲಿ ಇಂಥ ಇನ್ನೊಂದು ಮನೆ ಇಲ್ಲ ಎನ್ನುತ್ತಿದ್ದಳು. ಇದ್ದರೂ ಅವಳು ಅದನ್ನು ನೋಡಿರಲಿಲ್ಲ.

ಆ ಮನೆಗೆ ಈಗ ಕುತ್ತು ಬಂದಿತ್ತು. ಲವಂಗ ಕೊಳ್ಳುವ ಹಮಾದಿ ಅದನ್ನು ಮೂಟೆ ಇಡಲು ಬಾಡಿಗೆಗೆ ಕೇಳಿದ್ದ. ಊರ ಸಂಘದವರು ಕೂತು ಒಂದು ಮಾತಿಗೆ ಬಂದರು: ಕೊಯ್ಲು ಮುಗಿದ ಮೇಲೆ ಹೆಸರಾಂತ ಹಾಡುಗಾರರೊಬ್ಬರು ಬಂದು, ಊರಲ್ಲೇ ಉಳಿದು, ಆರು ಶನಿವಾರ ಇದೇ ಮನೆಯಲ್ಲಿ ನಮ್ಮ ಕಡಲತೀರದ ತಾರಬ್ ಹಾಡುಗಳನ್ನು ಹಾಡಲಿ. ಆರು ದಿನವೂ ಕುರ್ಚಿ ತುಂಬಿದರೆ ಮನೆ ಹಾಡಿಗೆ. ಒಂದು ದಿನ ತುಂಬದಿದ್ದರೂ ಮುಂದಿನ ಕೊಯ್ಲಿಗೆ ಮೂಟೆಗೆ. ತುಂಬುವುದು ಸುಲಭವಿರಲಿಲ್ಲ. ಹಾಡು ಕೇಳುವ ಹೆಂಗಸರ ಕೂಟ ಊರಲ್ಲಿ ಎರಡು. ಕಿದಾವಾಳ ಮಲ್ಲಿಗೆ ಕೂಟದಲ್ಲಿ ಇದ್ದವರು ಎಪ್ಪತ್ತೇ ಜನ. ಉಳಿದ ಅರವತ್ತು ಹೆಂಗಸರದು ನಕ್ಷತ್ರ ಕೂಟ. ಅದರ ಯಜಮಾನಿ ಹಮಾದಿಯ ಹೆಂಡತಿ ಬಿ ಶೇಖಾ. ಒಂಬತ್ತು ವರ್ಷದ ಹಿಂದೆ ಮುಂದಿನ ಸಾಲಿನ ಕುರ್ಚಿಗಾಗಿ ಜಗಳವಾಡಿ ಹೊರಟುಹೋದವರು ಮತ್ತೆ ಹೊಸ್ತಿಲು ತುಳಿದಿರಲಿಲ್ಲ.

ಹಾಗಾಗಿ ಹನ್ನೆರಡು ದಿನದಿಂದ ಚಾಪೆಯ ಮೇಲೆ ಒಂದೇ ಮಾತು: ಯಾರನ್ನು ಕರೆಸುವುದು?

"ಅತ್ತೆ, ಶಕೀಲಾ ಮೋಟೊ ಅಂದ್ರೆ ಕುರ್ಚಿ ಸಾಲಲ್ಲ, ಕಿಟಕಿಗೆ ಜೋತುಬೀಳ್ತಾರೆ," ಎಂದಳು ಸೊಸೆ ಮ್ಗೇನಿ. ಕೂಟದ ಲೆಕ್ಕಪತ್ರ, ಫೋನು ಎಲ್ಲ ಅವಳ ಕೈಯಲ್ಲಿತ್ತು.

"ಕಿಟಕಿಗೆ ಜೋತುಬಿದ್ದೋರನ್ನ ಸಂಘದೋರು ಎಣಿಸಲ್ಲ ಕಣೇ."

"ಹಾಗಾದ್ರೆ ಬಕಾರಿ ಸಿಂಬಾ?"

"ಅವನು ಅರ್ಧ ಹಾಡಿ ಮೈಕು ಜನದ ಕಡೆ ತಿರುಗಿಸ್ತಾನೆ, ಉಳಿದರ್ಧ ಅವರೇ ಹಾಡ್ಬೇಕು. ಹದಿನೈದು ಸಾವಿರ ಜನ ಹಾಡಿದ್ರೆ ಚೆಂದ. ನೂರಿಪ್ಪತ್ತು ಜನ ಹಾಡಿದ್ರೆ ಮದರಸಾದಲ್ಲಿ ಪಾಠ ಒಪ್ಪಿಸಿದ ಹಾಗಿರುತ್ತೆ."

ಹೆಂಗಸರು ನಕ್ಕರು. ಬಾಗಿಲ ಬಳಿ ಕಾಫಿ ಹೀರುತ್ತಿದ್ದ ಮುದುಕ ಫಾಕಿ ಮಾತ್ರ ನಗಲಿಲ್ಲ. ತೊಡೆಯ ಮೇಲಿಟ್ಟು ಮೀಟುವ ತಂತಿವಾದ್ಯ ಅವನದು. ನಲವತ್ತು ವರ್ಷ ಎಲ್ಲ ಹಾಡುಗಾರರ ಹಿಂದೆ ಕೂತವನು. "ಮಾಲಿಂ ಹೇಮೆಡಿಯನ್ನ ಕರೆಸ್ರಮ್ಮ," ಎಂದ. "ನಮ್ಮ ಕಾಲದ ದೊರೆ ಅವನು."

"ಫಾಕಿ ಮಾವ, ಅವರ ದನಿ ಹೋಗಿ ಆರು ವರ್ಷವಾಯ್ತಲ್ಲ," ಎಂದಳು ಮ್ಗೇನಿ.

"ದನಿ ಹೋದ್ರೇನು, ಹೆಸರಿದೆ."

"ಹೆಸರನ್ನ ಗೋಡೆ ಮೇಲೆ ಬರೆಸೋಣ ಬಿಡಿ, ಹಾಡೋಕೆ ಬೇರೆಯವರನ್ನ ಕರೆಯೋಣ," ಎಂದು ಕಿದಾವಾ ಗೊಂಚಲನ್ನು ಕೆಳಗಿಟ್ಟಳು. "ನನ್ನ ಕೇಳಿದ್ರೆ ತಾತು ಮಕಾಮೆ."

ಚಾಪೆಯ ಸುತ್ತ ಕೈಗಳು ನಿಂತವು. ತಾತು ಮಕಾಮೆ ಎಂದರೆ ದಾರೆಸ್ಸಲಾಮಿನಲ್ಲಿ ಫುಟ್‌ಬಾಲ್ ಮೈದಾನ ತುಂಬಿಸುವವಳು.

"ಬಿ ಕಿದಾವಾ, ಹಡಗನ್ನ ಬಾವಿಗೆ ಇಳಿಸ್ತೀಯಾ?" ಎಂದ ಫಾಕಿ.

"ಮ್ಗೇನಿ, ಆ ವಿಡಿಯೋ ಹಾಕು," ಎಂದಳು ಕಿದಾವಾ. ಸೊಸೆ ಫೋನು ಹಿಡಿದಳು. ಮೈದಾನ, ಹೊಗೆ, ಬಣ್ಣದ ಬೆಳಕು, ಇಪ್ಪತ್ತು ಜನ ಕುಣಿಯುವವರು. ಎಲ್ಲರೂ ಕುಣಿತ ನೋಡಿದರು. "ಕುಣಿಯೋರನ್ನ ಬಿಡಿ," ಎಂದಳು ಕಿದಾವಾ, "ಅವಳ ಕೈ ನೋಡಿ. ಈಗ ಒಬ್ಬ ಮುದುಕಿ ಹಾಡು ಮೆಚ್ಚಿ ನೋಟು ಕೊಡೋಕೆ ಬರ್ತಾಳೆ. ನೋಡಿದ್ರಾ? ಬೇರೆಯವರ ಹತ್ರ ಬುಟ್ಟಿ ಹಿಡಿಯೋಕೆ ಆಳಿರ್ತಾನೆ. ಇವಳು ಮೈಕನ್ನ ಕಂಕುಳಿಗೆ ಸಿಕ್ಕಿಸಿ ಎರಡೂ ಕೈಯಲ್ಲಿ ತಗೊಂಡ್ಳು, ಆ ಮುದುಕಿ ಮುಖ ನೋಡಿದ್ಳು, ಎಳೆದ ಸ್ವರ ತುಂಡಾಗಲಿಲ್ಲ. ಇದು ಮೈದಾನದಲ್ಲಿ ಕಲಿಯೋ ವಿದ್ಯೆ ಅಲ್ಲ. ಮಂಡಿಗೆ ಮಂಡಿ ತಾಗೋ ಮನೇಲಿ ಹಾಡಿ ಬೆಳೆದವಳು ಇವಳು. ಎಷ್ಟೇ ದೊಡ್ಡವಳಾದ್ರೂ ಕೈ ಮರೆತಿಲ್ಲ."

ಗಂಡನ ಮೂಟೆ ನೋಡಲು ಛತ್ರಿ ಹಿಡಿದು ಹೊರಟಿದ್ದ ಶೇಖಾ ರಸ್ತೆಯಲ್ಲೇ ನಿಂತಳು. "ಏನ್ ಕಿದಾವಾ, ಮೈದಾನದವಳನ್ನ ಕರೀತೀಯಂತೆ. ಬಂದು ನಿನ್ನ ಕುರ್ಚಿ ಎಣಿಸಿ, ಬಂದ ದೋಣೀಲೇ ವಾಪಸ್ ಹೋಗ್ತಾಳೆ. ಮೂಟೆ ಹಾಗಲ್ಲ ನೋಡು, ಇಟ್ಟಲ್ಲಿ ಇರುತ್ತೆ."

"ಮೂಟೆಗೆ ಕಿವಿ ಇಲ್ಲ ಶೇಖಾ. ಅದಕ್ಕೇ ಅದನ್ನ ಎಲ್ಲಿಟ್ಟರೂ ನಡೆಯುತ್ತೆ."

"ಕಿವಿ ಇರೋಳು ನೀನೊಬ್ಬಳೇ ಅಲ್ವಾ."

"ಈ ವಿಷಯದಲ್ಲಿ ಹೌದು," ಎಂದಳು ಕಿದಾವಾ, ಮುಖ ತಗ್ಗಿಸದೆ. "ತಾತು ಈ ಮನೆಗೆ ಸರಿಹೋಗದಿದ್ರೆ ಬೀಗದ ಕೈ ನಾನೇ ತಂದು ನಿನ್ನ ಗಂಡನ ಕೈಗೆ ಕೊಡ್ತೀನಿ. ಆರು ಶನಿವಾರ ಕಾಯೋದೂ ಬೇಡ."

ಇಷ್ಟು ಜನರೆದುರು ಆಡಿದ ಮಾತು ಸಂಜೆಯೊಳಗೆ ಸಂಘದವರಿಗೂ ತಲುಪಿತು. ಅವರು ಇಬ್ಬರಿಗೂ ಬರೆದರು, ಶಕೀಲಾಳಿಗೂ ತಾತುವಿಗೂ: ಮೊದಲು ಒಂದು ಮಧ್ಯಾಹ್ನ ಬಂದು ಒಂದು ಹಾಡು ಹಾಡಿ, ಊರು ಕೇಳಲಿ.

ಕೊಯ್ಲು ಮುಗಿಯುತ್ತ ಬಂದಾಗ ಶಕೀಲಾ ಮೋಟೊ ಮೊದಲು ಬಂದಳು. ಎರಡು ವ್ಯಾನಿನಲ್ಲಿ ಸ್ಪೀಕರಿನ ಪೆಟ್ಟಿಗೆಗಳು ಬಂದವು. ಅವನ್ನಿಡಲು ನಲವತ್ತು ಕುರ್ಚಿ ಹೊರಗೆ ಹಾಕಬೇಕಾಯಿತು. ಹುಡುಗಿಯ ದನಿ ನಿಜಕ್ಕೂ ಚೆನ್ನಾಗಿತ್ತು. ಆದರೆ ಅದು ಬಾಯಿಂದ ಬಂದು ಪೆಟ್ಟಿಗೆಗೆ ಹೋಗಿ ಪೆಟ್ಟಿಗೆಯಿಂದ ತಗಡಿಗೆ ಬಡಿದು ಕಿವಿಗೆ ಬೀಳುವ ಹೊತ್ತಿಗೆ ಯಾರ ದನಿಯೆಂದೇ ತಿಳಿಯುತ್ತಿರಲಿಲ್ಲ. ಮುಗಿದ ಮೇಲೆ ಅವಳೇ ಕಿದಾವಾಳ ಪಕ್ಕ ಬಂದು ಕೂತು, ತೆಂಗಿನ ಹಾಲಲ್ಲಿ ಬೇಯಿಸಿದ ಮರಗೆಣಸು ತಿನ್ನುತ್ತ, "ಅಮ್ಮಾ, ಇಲ್ಲಿ ಎಲ್ರೂ ನನ್ನ ಮುಖಾನೇ ನೋಡ್ತಿದ್ರು. ನನಗೆ ಕೈಕಾಲು ಎಲ್ಲಿ ಇಟ್ಕೋಬೇಕು ಅಂತಾನೇ ಗೊತ್ತಾಗಲಿಲ್ಲ," ಎಂದಳು.

"ದೊಡ್ಡ ಮೈದಾನ ನಿನ್ನ ಕಾಯ್ತಿದೆ ಮಗಳೇ, ಅಲ್ಲಿ ಮಿಂಚು," ಎಂದು ಕಿದಾವಾ ಇನ್ನೊಂದು ತುಂಡು ಗೆಣಸು ಹಾಕಿದಳು. ಒಳಗೊಳಗೇ ಅವಳಿಗೆ ಆ ಹುಡುಗಿಯ ಮೇಲೆ ಗೌರವ ಹುಟ್ಟಿತು.

ಮುಂದಿನ ವಾರ, ಕಡೆಯ ಚಾಪೆಯ ಲವಂಗ ಒಣಗಿ ಕಪ್ಪಾಗುತ್ತಿದ್ದಾಗ, ತಾತು ಮಕಾಮೆ ಬಂದಳು. ದ್ವೀಪದ ಪೇಟೆ ಚಾಕೆಚಾಕೆಯಿಂದ ಬರುವ ಬಾಡಿಗೆ ವ್ಯಾನಿನಲ್ಲಿ, ಮೀನಿನ ಬುಟ್ಟಿಗಳ ನಡುವೆ, ಜೊತೆಗೊಬ್ಬ ಪಿಟೀಲಿನವನು ಮಾತ್ರ. ನಲವತ್ತೈದರ ಹೆಂಗಸು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಕಟ್ಟೆ ಹತ್ತುವ ಮೊದಲು ಕೊನೆಯ ಸಾಲಿನ ತನಕ ನಡೆದು, ಅಲ್ಲಿ ಕೂತು ಫಾಕಿಗೆ ತಂತಿ ಮೀಟಲು ಹೇಳಿದಳು. ಕೇಳಿಸಿಕೊಂಡು, "ಮೈಕು ಬೇಡ," ಎಂದಳು.

ಮಧ್ಯಾಹ್ನದ ನಮಾಜು ಮುಗಿಸಿ ಊರೆಲ್ಲ ಸೇರಿತು. ನಕ್ಷತ್ರ ಕೂಟದವರೂ ಬಂದರು. ಒಂಬತ್ತು ವರ್ಷದ ಮೇಲೆ, ಕಿದಾವಾಳ ಸೊಂಟದಿಂದ ಬೀಗದ ಕೈ ಕಳಚುವುದನ್ನು ಕಣ್ಣಾರೆ ನೋಡಲೆಂದೇ ಬಂದಿದ್ದರು. ಶೇಖಾ ಅವರನ್ನು ಕಟ್ಟಿಕೊಂಡು ನಡುವಿನ ದಾರಿಯ ಅಂಚಿನಲ್ಲಿ ಕೂತಳು. ಕಿದಾವಾ ಎಂದಿನಂತೆ ಬಾಗಿಲ ಬಳಿ, ಕೊನೆಯ ಕುರ್ಚಿಯಲ್ಲಿ.

ತಾತು ನಿಧಾನವಾಗಿ ದನಿ ಎತ್ತಿದಳು. ಲವಂಗದ ನಾಡಿಗೆಂದೇ ಕಟ್ಟಿ ತಂದ ಹಾಡು.

*ಮರ ಹತ್ತಿದವಳು ನಾನು, ಕೊಂಬೆ ಬಾಗಿದ್ದು ನನಗೆ;*
*ಘಮ ಯಾರದೆಂದು ಕೇಳುವಿರೇನು, ಕೈ ಮೂಸಿ ನೋಡಿ ಒಮ್ಮೆ.*

ಗಂಡ ಸತ್ತ ವರ್ಷ ಕಿದಾವಾಳಿಗೆ ಕೂಲಿಯಾಳು ಸಿಕ್ಕಿರಲಿಲ್ಲ. ಹೆಂಗಸು ಮರ ಹತ್ತುವ ರೂಢಿ ಊರಲ್ಲಿ ಇರಲಿಲ್ಲ. ಅವಳು ಗಂಡನ ಷರಾಯಿ ತೊಟ್ಟು ಹತ್ತಿದ್ದಳು, ಮೂವತ್ತಾರು ಮರ, ಒಂದು ಕೊಯ್ಲಿಡೀ. ಯಾರೂ ಆ ಬಗ್ಗೆ ಒಳ್ಳೆಯದನ್ನೂ ಆಡಿರಲಿಲ್ಲ, ಕೆಟ್ಟದ್ದನ್ನೂ ಆಡಿರಲಿಲ್ಲ. ಈಗ ಆ ಸಾಲು ಕೊನೆಯ ಕುರ್ಚಿಗೆ ಬಂದು ಮುಟ್ಟಿದಾಗ ಅವಳು ತನಗೇ ತಿಳಿಯದೆ ಎದ್ದಿದ್ದಳು. ಸೆರಗಿನ ಗಂಟಿನಿಂದ ಎರಡು ಸಾವಿರ ಶಿಲ್ಲಿಂಗಿನ ನೋಟು ತೆಗೆದು, ಎತ್ತಿ ಹಿಡಿದು, ಮೆಲ್ಲನೆ ತೂಗುತ್ತ ನಡುದಾರಿಯಲ್ಲಿ ನಡೆದಳು.

ಅರ್ಧ ದಾರಿಯಲ್ಲಿ ತನ್ನ ತಪ್ಪು ಅವಳಿಗೆ ಹೊಳೆಯಿತು.

ತಾರಬ್‌ನಲ್ಲಿ ಯಾರೂ ತಮಗಾಗಿ ಏಳುವುದಿಲ್ಲ. ಒಂದು ಸಾಲಿಗೆ ಎದ್ದು ನೋಟು ಹಿಡಿದು ಹೋದರೆ, ಆ ಸಾಲನ್ನು ಸಭೆಯಲ್ಲಿ ಕೂತ ಯಾರಿಗೋ ಎಸೆದ ಹಾಗೆ. ಯಾರಿಗೆಂದು ಹೇಳಬೇಕಿಲ್ಲ, ಎದ್ದವಳು ಯಾರ ಮುಂದೆ ಹಾದುಹೋದಳು ನೋಡಿದರೆ ಸಾಕು. ಕಿದಾವಾ ಹಾದುಹೋಗುತ್ತಿದ್ದದ್ದು ಶೇಖಾಳ ಮುಂದೆ. ಒಂದು ಮರವನ್ನೂ ಹತ್ತದೆ ಲವಂಗದಲ್ಲಿ ಮನೆ ಕಟ್ಟಿದವರ ಮುಂದೆ. ಅರವತ್ತು ಹೆಂಗಸರು ಒಟ್ಟಿಗೇ ಶೇಖಾಳತ್ತ ತಿರುಗಿದರು. ಹಿಂತಿರುಗುವ ಹಾಗಿರಲಿಲ್ಲ. ಕಿದಾವಾ ನಡೆದಳು, ನೋಟು ಕೊಟ್ಟಳು. ತಾತು ಎರಡೂ ಕೈಯಲ್ಲಿ ತೆಗೆದುಕೊಂಡು ಅವಳ ಮುಖ ನೋಡಿದಳು.

*ಮರ ನಿನ್ನದಾದರೆ ಆಗಲಿ, ನೆರಳಿಗೂ ಬೇಲಿಯೇ ತಂಗಿ?*

ಬೀಗದ ಕೈ ಹಿಡಿದವಳಿಗೆ ನಾಟುವ ಈ ಸಾಲಿಗೆ ಶೇಖಾ ಎದ್ದಳು. ಅವಳ ಕೈಯಲ್ಲಿ ಐದು ಸಾವಿರದ ನೋಟಿತ್ತು. ಅವಳ ಹಿಂದೆ ನಕ್ಷತ್ರ ಕೂಟವೂ ಎದ್ದಿತು, ಅದನ್ನು ಕಂಡು ಮಲ್ಲಿಗೆ ಕೂಟವೂ ಎದ್ದಿತು. ಕುರ್ಚಿಗಳು ಸರಿದವು. "ಕೂತ್ಕೊಳ್ರೇ," ಎಂದು ಮ್ಗೇನಿ ಅಂದದ್ದು ಯಾರಿಗೂ ಕೇಳಿಸಲಿಲ್ಲ. ಮೈದಾನದಲ್ಲಾದರೆ ಹಾಡುಗಾರರು ಇದಕ್ಕೇ ಕಾಯುತ್ತಾರೆ. ದನಿ ಏರಿಸಿ, ತಾಳ ಏರಿಸಿ, ಬೆಂಕಿಗೆ ಎಣ್ಣೆ ಹೊಯ್ಯುತ್ತಾರೆ.

ತಾತು ಎರಡನೆಯ ನೋಟನ್ನೂ ಮೊದಲಿನದರಂತೆಯೇ ತೆಗೆದುಕೊಂಡಳು. ಕೈಗೊಂದು ನೋಟು ಹಿಡಿದು ಕಟ್ಟೆಯಿಂದ ಇಳಿದು, ನಡುದಾರಿಯ ನೆಲದ ಮೇಲೆ, ನಿಂತಿದ್ದ ಇಬ್ಬರ ನಡುವೆ ಕಾಲು ಮಡಚಿ ಕೂತಳು. ಮತ್ತೆ ದನಿಯನ್ನು ಇಳಿಸಿದಳು. ಇನ್ನೂ ಇಳಿಸಿದಳು. ಫಾಕಿ ತಂತಿಯಿಂದ ಬೆರಳು ತೆಗೆದ, ಪಿಟೀಲು ನಿಂತಿತು. ನಿಂತವರಿಗೆ ತಮ್ಮ ಬಟ್ಟೆಯ ಸರಪರ ಸದ್ದೇ ಹಾಡಿಗೆ ಅಡ್ಡ ಬಂತು. ಕೂತು, ಅಲುಗದೆ ಇದ್ದವರಿಗೆ ಮಾತ್ರ ಕೇಳುವಂಥ ಹಾಡು ಅದು. ಮೊದಲು ಹಿಂದಿನ ಸಾಲು ಕೂತಿತು, ಆಮೇಲೆ ಮುಂದಿನದು. ಕಡೆಗೆ ಶೇಖಾ ಕೂತಳು. ಗಲಾಟೆಯಲ್ಲಿ ಜನ ಸರಿದು ಅವಳ ಪಕ್ಕದ ಕುರ್ಚಿ ಖಾಲಿಯಾಗಿತ್ತು. ಕೊನೆಯ ಸಾಲಿನ ತನಕ ನಡೆದರೆ ಸದ್ದಾಗುತ್ತದೆಂದು ಕಿದಾವಾ ಅಲ್ಲೇ ಕೂತಳು. ಹಾಡು ಮುಗಿದದ್ದು ಯಾವಾಗ ಎಂದು ಯಾರಿಗೂ ತಿಳಿಯಲಿಲ್ಲ. ತಾತು ಎದ್ದು ನಿಂತ ಮೇಲೆಯೇ ತಿಳಿದದ್ದು.

"ಹಡಗು ಬಾವೀಲಿ ತೇಲ್ತು ಕಣಮ್ಮ," ಎಂದ ಫಾಕಿ, ಜಗುಲಿಯಲ್ಲಿ ಶುಂಠಿ ಕಾಫಿ ಹಂಚುವಾಗ.

ತಾತು ಆರು ಶನಿವಾರಕ್ಕೂ ಒಪ್ಪಿದಳು. ಸಂಘದವರು ತಲೆಯಾಡಿಸಿದರು. ಆದರೂ ಕಿದಾವಾಳಿಗೆ ಸಮಾಧಾನವಿಲ್ಲ. ಹಾಡುಗಾರ್ತಿ ಸರಿಹೋದಳು, ಸರಿ. ಅರವತ್ತು ಜನ ಅವಮಾನ ಹೊತ್ತು ಮನೆಗೆ ಹೋದರೆ ಕುರ್ಚಿ ತುಂಬುವುದು ಹೇಗೆ? ಮರುದಿನ ಬೆಳಿಗ್ಗೆ ಅವಳು ಶೇಖಾಳ ಮನೆಗೆ ಹೋದಳು. ಶೇಖಾ ಅಂಗಳದಲ್ಲಿ ಲವಂಗ ಕೆದಕುತ್ತಿದ್ದಳು.

"ನಿನ್ನೆ ನಾನು ಎದ್ದದ್ದು ನಿನಗೆ ಅಲ್ಲ ಶೇಖಾ."

"ಎದ್ದೋರೆಲ್ಲ ಹಾಗೇ ಹೇಳೋದು."

"ನಾನು ಮರ ಹತ್ತಿದ್ದ ವರ್ಷ ನೆನಪಾಯ್ತು. ಅಷ್ಟೇ. ನನಗೇ ಅಂತ ಎದ್ದೆ."

ಶೇಖಾ ಕೆದಕುವುದನ್ನು ನಿಲ್ಲಿಸಲಿಲ್ಲ. "ಗೊತ್ತು. ಆ ವರ್ಷ ನಿನ್ನ ಮರದ ಕೆಳಗೆ ಉದುರಿದ ಮೊಗ್ಗು ಆರಿಸಿದೋಳು ನಾನೇ ಅಲ್ವಾ. ಇವರ ಮನೆಗೆ ಮದುವೆ ಆಗಿ ಬರೋಕೆ ಮುಂಚೆ. ಷರಾಯಿ ಹರಿದಿದ್ದೂ ನೋಡಿದೀನಿ."

ಕಿದಾವಾಳಿಗೆ ನಗು ಬಂತು. ತಡೆದುಕೊಂಡಳು. "ಹಾಗಾದ್ರೆ ನಿನ್ನ ಜನಕ್ಕೆ ಹೇಳು. ಬಾಕಿ ಏನೂ ಇಲ್ಲ ಅಂತ."

"ಅದು ಹೇಗಾಗುತ್ತೆ?" ಎಂದು ಶೇಖಾ ಸೊಂಟ ನೆಟ್ಟಗೆ ಮಾಡಿದಳು. "ನನಗೆ ಗೊತ್ತಿದ್ರೆ ಸಾಕಾ? ಅರವತ್ತು ಜನ ಕಣ್ಣಾರೆ ನೋಡಿದಾರೆ. ತಾತು ನಡುವೆ ಕೂತುಬಿಟ್ಳು, ನಾನು ಎದ್ದದ್ದು ಸಾಕಾಗಲಿಲ್ಲ ಅಂತಿದಾರೆ. ತಕ್ಕ ಸಾಲು ಬಂದಾಗ ಎದ್ದು ತೀರಿಸಿಕೊಳ್ಳೋ ತನಕ ನನಗೆ ಈ ಊರಲ್ಲಿ ಮುಖ ಇಲ್ಲ. ನನ್ನ ಜನಾನೆಲ್ಲ ಕರ್ಕೊಂಡು ಬರ್ತೀನಿ. ಎಲ್ಲಿ ಕೂರಿಸ್ತೀಯ ಹೇಳು."

"ಮುಂದಿನ ಸಾಲಲ್ಲಿ," ಎಂದಳು ಕಿದಾವಾ.

"ಒಂಬತ್ತು ವರ್ಷ ತಗೊಂಡೆ ಇದನ್ನ ಹೇಳೋಕೆ."

"ಯಾವ ಶನಿವಾರ ಏಳ್ತೀಯ?"

"ಅದನ್ನ ಮೊದಲೇ ಹೇಳ್ತಾರಾ? ಆರೂ ದಿನ ಬರ್ತೀನಿ. ನೀನು ಆರೂ ದಿನ ಎದೆ ಹಿಡ್ಕೊಂಡು ಕೂತಿರು."

ಕೊಯ್ಲು ಮುಗಿಯಿತು. ಆರು ಶನಿವಾರ ತಾತು ಮಕಾಮೆ ಹಾಡಿದಳು, ಮನೆಮನೆಯಲ್ಲಿ ಉಂಡಳು, ಹೆಂಗಸರ ಜೊತೆ ಒಣಗಿದ ಲವಂಗ ಹಸನು ಮಾಡಿ ಬೆರಳು ಕಪ್ಪು ಮಾಡಿಕೊಂಡಳು. ಆರು ಶನಿವಾರವೂ ಒಂದು ಕುರ್ಚಿಯೂ ಖಾಲಿ ಉಳಿಯಲಿಲ್ಲ. ಹತ್ತು ಜನ ಬಾಗಿಲಲ್ಲಿ ನಿಂತರು. ಹಮಾದಿಯ ಮೂಟೆಗಳು ಬೇರೆ ಕಡೆ ಹೋದವು. ಒಂದೊಂದು ಚೂಪಾದ ಸಾಲು ಬಂದಾಗಲೂ ಇಡೀ ಮನೆ ಮುಂದಿನ ಸಾಲಿನತ್ತ ತಿರುಗುತ್ತಿತ್ತು. ಶೇಖಾ ಸೆರಗಿನ ಗಂಟಿಗೆ ಕೈ ಹಾಕುತ್ತಿದ್ದಳು, ಗಂಟು ಬಿಚ್ಚುತ್ತಿದ್ದಳು, ಮತ್ತೆ ಕಟ್ಟುತ್ತಿದ್ದಳು.

ಆರನೆಯ ಶನಿವಾರವೂ ಅವಳು ಏಳಲಿಲ್ಲ. ಬಾಕಿ ಹಾಗೇ ಉಳಿಯಿತು, ಮುಂದಿನ ಕೊಯ್ಲಿಗೂ ಬರಲು ನೆವವಾಗಿ.