ವೇಟ್ ಎಂಬ ಕ್ರಿಯಾಪದ

ಉಮಾದೇವಿ ದೇವದುರ್ಗದ ಕಾಲೇಜೊಂದರಲ್ಲಿ ಇಂಗ್ಲಿಷ್ ಹೇಳಿಕೊಡುವಾಕೆ. ಆ ಶನಿವಾರ ಪಾಠದಲ್ಲಿ ‘ವೇಟ್’ ಎಂಬ ಕ್ರಿಯಾಪದ ಬಂತು. ಕಾಯುವುದು ಎಂದು ಅರ್ಥ ಹೇಳಿ, ‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನೂ ಪುಕ್ಕಟೆ ಸೇರಿಸಿದಳು. ಮುಂದಿನ ಬೆಂಚಿನ ಗುಲ್ನಾಜ್ ಅಷ್ಟಕ್ಕೆ ಬಿಡುವವಳಲ್ಲ.

“ಇದರ ವಿರುದ್ಧಪದ ಏನ್ರೀ ಮೇಡಂ?”

“ಲೀವ್. ಬಿಟ್ಟು ಹೋಗೂದು.”

“ಮತ್ತ ಈ ಪದ ಎಲ್ಲಿಂದ ಬಂತ್ರೀ?”

ಉಮಾದೇವಿ ಮೊಬೈಲಿನಲ್ಲಿ ನಿಘಂಟು ತೆರೆದಳು. ಹಳೆಯ ಫ್ರೆಂಚಿನಿಂದ ಬಂದ ಪದವಂತೆ. ಮೊದಲಿಗೆ ಅದರ ಅರ್ಥ ಸುಮ್ಮನೆ ಕೂರುವುದಲ್ಲ; ಕಣ್ಣಿಟ್ಟು ನೋಡುವುದು, ಹಗೆಯಿಂದ ಹೊಂಚು ಹಾಕುವುದು. ಬೆಳಿಗ್ಗೆ ಅವ್ವ ನಗುತ್ತ ಆಡಿದ ಮಾತು ಥಟ್ಟನೆ ನೆನಪಾಯಿತು. “ಯಾವುದೋ ದೊಡ್ಡ ಮೀನು ದಿನಾ ನನ್ನ ಹಾದಿ ಕಾಯ್ತದಬೇ.”

ಅವ್ವ ಗೋಪಮ್ಮ ಹೊಳೆದಂಡೆಯ ಊರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುವಾಕೆ. ನಳದ ನೀರು ಅವಳ ಮನಸ್ಸಿಗೆ ಬಾರದು. ಬೋಗುಣಿಗಳನ್ನೆಲ್ಲ ಕೃಷ್ಣೆಗೆ ಹೊತ್ತೊಯ್ದು ದಿನವೂ ಅದೇ ಬಂಡೆಯ ಬಳಿ ತೊಳೆಯುವಳು. ಅನ್ನ ತಿಪ್ಪೆಗೆ ಚೆಲ್ಲಿದರೆ ಪಾಪವೆಂದು, ಉಳಿದ ಅನ್ನ, ಮೊಟ್ಟೆ ಎಲ್ಲವನ್ನೂ ಮೀನಿಗೆ ಹಾಕುವಳು. ಪುಣ್ಯವೇನೋ ಬಂತು, ಮೀನಿನ ಹಿಂದೆ ಇನ್ನೇನು ಬಂತೆಂದು ಯಾರೂ ನೋಡಲಿಲ್ಲ.

ಅವ್ವ ಫೋನು ಎತ್ತಲಿಲ್ಲ. ಉಮಾದೇವಿ ಪಾಠ ಅರ್ಧಕ್ಕೆ ಬಿಟ್ಟು ಸ್ಕೂಟಿ ಹತ್ತಿದಳು, ಜೀವ ಕೈಯಲ್ಲಿ ಹಿಡಿದು ಓಡಿಸಿದಳು.

ಅವ್ವ ಮೊಣಕಾಲುದ್ದದ ನೀರಿನಲ್ಲಿ ಬಗ್ಗಿದ್ದಳು. ದಿನಾ ಮುತ್ತುವ ಮೀನು ಒಂದೂ ಇರಲಿಲ್ಲ. ಮಾರು ದೂರದಲ್ಲಿ ನೀರಿನ ಮೇಲೆ ಎರಡು ಕಣ್ಣು ಮಾತ್ರ.

“ಯವ್ವಾ, ಮ್ಯಾಲ ಬಾ!”

“ತಡಿಬೇ, ಇದೊಂದು ಬೋಗಾಣಿ ಉಳದದ.”

ಉಮಾದೇವಿ ನೀರಿಗೆ ಹಾರಿ ಅವ್ವನ ರಟ್ಟೆ ಹಿಡಿದು ಎಳೆದಳು. ಇಬ್ಬರೂ ದಂಡೆಗೆ ಬಿದ್ದರು. ಗೋಪಮ್ಮ ನಿಂತಿದ್ದ ಜಾಗದಲ್ಲಿ ನೀರು ಒಡೆದು, ಮೊಸಳೆಯ ಬಾಯಿ ಬೋಗುಣಿಯನ್ನು ಕಚ್ಚಿ ಉಗುಳಿತು.

“ಇನ್ನ ನಾ ಇಲ್ಲಿಗಿ ಬರಂಗಿಲ್ಲ ತಾಯಿ,” ಗೋಪಮ್ಮ ಮಗಳ ಕೈ ಬಿಡದೆ ಅಂದಳು. “ನಾ ಬರಲಿಲ್ಲಂದ್ರ ಅದೂ ಹೋಗ್ತದಲ್ಲಾ?”

“ದಿನಾ ಉಣಿಸಿ ರೂಢಿ ಮಾಡೀದಿ. ಎಲ್ಲಿಗಿ ಹೋಗ್ತದ ಯವ್ವಾ?”

ಶನಿವಾರದ ಶಾಲೆ ಬಿಟ್ಟಿತ್ತು. ಈಜಲು ಹೊರಟ ಮಕ್ಕಳು ಪಾಟಿಚೀಲ ಎಸೆದು, ಅಂಗಿ ಬಿಚ್ಚುತ್ತ, ಕೇಕೆ ಹಾಕುತ್ತ ಇಳಿಜಾರಿನಲ್ಲಿ ಓಡಿ ಬರುತ್ತಿದ್ದರು. ಉಮಾದೇವಿ ಎರಡೂ ಕೈ ಚಾಚಿ ಅವರಿಗೆ ಅಡ್ಡ ಓಡಿದಳು. ಮಕ್ಕಳು ಅದನ್ನು ಆಟವೆಂದುಕೊಂಡು, ನಗುತ್ತ, ಅವಳ ಎಡಕ್ಕೂ ಬಲಕ್ಕೂ ನುಸುಳಿದರು.