ಮಲೀಕಸಾಬನ ಎರಡು ಗೋರಿ

ಇಂಗ್ಲೆಂಡಿನಿಂದ ಬಂದ ಪತ್ರದ ಮೇಲೆ ಇದ್ದ ವಿಳಾಸ ಇಷ್ಟೇ: ಹೆಡ್‌ಮಾಸ್ತರರು, ಹೈಸ್ಕೂಲು, ಮಸ್ಕಿ, ಭಾರತ. ಅಂಚೆಯವನು ಅದನ್ನು ಎರಡು ಶಾಲೆಗಳಿಗೆ ಒಯ್ದು, ನಮ್ಮದಲ್ಲ ಅನ್ನಿಸಿಕೊಂಡು, ಕಡೆಗೆ ನಾಹಿದಾ ಇಂಗ್ಲಿಷ್ ಕಲಿಸುವ ಶಾಲೆಗೆ ತಂದ. ಹೆಡ್‌ಮಾಸ್ತರ ಚನ್ನವೀರ ನಾಲ್ಕು ಸಾಲು ಓದಿ ಅದನ್ನು ಅವಳ ಕೈಗಿಟ್ಟರು.

"ಯಾವುದೋ ಹಡಗು ಮುಳುಗಿದ ಸುದ್ದಿ ಐತ್ರಿ ಮೇಡಂ. ನಮಗ್ಯಾಕ ಬರದಾರೋ ತಿಳೀವಲ್ದು. ನೀವೇ ಓದಿ ನೋಡ್ರಿ."

ಬರೆದವರು ಹೆಲೆನ್ ಎಂಬ ನಿವೃತ್ತ ಶಿಕ್ಷಕಿ. ಸಾವಿರದ ಒಂಬೈನೂರ ಹನ್ನೊಂದರ ಡಿಸೆಂಬರಿನಲ್ಲಿ, ಮುಂಬೈಯಿಂದ ಹತ್ತಿ ಹೇರಿಕೊಂಡು ಬರುತ್ತಿದ್ದ 'ಮಾರ್ಲೆಟ್' ಎಂಬ ಹಡಗು ಮಂಜಿನಲ್ಲಿ ದಾರಿ ತಪ್ಪಿ ಅವರ ಊರಿನ ಬಂಡೆಗಳಿಗೆ ಬಡಿದು ಒಡೆದಿತ್ತು. ಸತ್ತವರು ಮೂವತ್ನಾಲ್ಕು ಜನ. ದಂಡೆಗೆ ಬಂದ ಹೆಣಗಳನ್ನು ಊರವರು ಚರ್ಚಿನ ಪಕ್ಕ ಹೂಳಿದ್ದರು. ಈಗ ಊರವರೆಲ್ಲ ಸೇರಿ ಅಲ್ಲಿ ಒಂದು ಕಲ್ಲು ನಿಲ್ಲಿಸುವವರಿದ್ದರು. ಹಾಗೆ ಮಣ್ಣಾದವರಲ್ಲಿ ಒಬ್ಬನ ಹೆಸರು ಮಾತ್ರ ಗೊತ್ತಿತ್ತು, ಏಕೆಂದರೆ ಅವನ ಸೊಂಟಕ್ಕೆ ಕಟ್ಟಿದ್ದ ಮೇಣಬಟ್ಟೆಯ ಚೀಲದಲ್ಲಿ ಹಡಗಿನ ನೌಕರಿಯ ಪುಸ್ತಕ ಸಿಕ್ಕಿತ್ತು. ಮಲೀಕಸಾಬ, ತಂದೆ ದಾವಲ್‌ಸಾಬ್, ಸಂತೆಕಲ್ಲೂರು, ಮಸ್ಕಿ, ನಿಜಾಮರ ಸೀಮೆ. ವಯಸ್ಸು ಇಪ್ಪತ್ತೊಂದು. ಕೆಲಸ, ಬಾಯ್ಲರಿಗೆ ಕಲ್ಲಿದ್ದಲು ಹಾಕುವುದು. ಅವನ ಕಡೆಯವರು ಯಾರಾದರೂ ಉಳಿದಿದ್ದರೆ ಕಲ್ಲಿನ ಮೇಲೆ ಏನು ಬರೆಸಬೇಕೆಂದು ತಿಳಿಸಿ ಎಂದು ಹೆಲೆನ್ ಕೇಳಿದ್ದರು.

ನಾಹಿದಾ ಅದನ್ನು ಮೂರು ಸಲ ಓದಿದಳು. ಸಂತೆಕಲ್ಲೂರಿನ ದಾವಲ್‌ಸಾಬನ ಮಗ ಮಲೀಕಸಾಬ ಅವಳ ಅಜ್ಜಿ ಮಾಬುಬೀಯ ತಂದೆ. ಪ್ರಾಯದಲ್ಲಿ ಮುಂಬೈಗೆ ಹೋಗಿ ಹಡಗಿನಲ್ಲಿ ದುಡಿದವನು ಎಂಬುದೂ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಅವನು ಊರಿಗೆ ಮರಳಿ, ಮದುವೆಯಾಗಿ, ಐದು ಮಕ್ಕಳನ್ನು ಕಂಡು, ಎಪ್ಪತ್ತು ದಾಟಿದ ಮೇಲೆ ತನ್ನ ಮನೆಯ ಮಂಚದ ಮೇಲೆ ಸತ್ತವನು. ಅವನ ಗೋರಿ ಊರಿನ ಖಬರಸ್ತಾನದಲ್ಲಿದೆ. ಪ್ರತಿ ವರ್ಷ ಅದಕ್ಕೆ ಹೂವಿನ ಚಾದರ ಹೊದಿಸುವವರು ಅವಳ ಅಬ್ಬಾ ಜಂಗ್ಲಿಸಾಬರೇ.

ಸಂಜೆ ಟಂಟಂ ಆಟೋದಲ್ಲಿ ಸಂತೆಕಲ್ಲೂರಿನ ಮನೆಗೆ ಬಂದು ಅವಳು ಪತ್ರವನ್ನು ಕನ್ನಡದಲ್ಲಿ ಹೇಳಿದಳು. ಜಂಗ್ಲಿಸಾಬ್ ವೆಲ್ಡಿಂಗ್ ಅಂಗಡಿಯಿಂದ ಆಗತಾನೆ ಬಂದು ಕೈ ತೊಳೆಯುತ್ತಿದ್ದರು. ಕೈ ಒರೆಸಿಕೊಳ್ಳುವುದನ್ನೇ ಮರೆತರು.

"ಮತ್ತ ನಾ ಚಾದರ ಹಾಕಾಕತ್ತಿದ್ದು ಯಾರ ಗೋರಿಗೆ?"

"ನಿನ್ನ ಅಜ್ಜಂದಕ್ಕ," ಅಂದಳು ಮಾಬುಬೀ. ಎಂಬತ್ತೇಳು ವರ್ಷದ ಅವಳಿಗೆ ಕಣ್ಣು ಮಂದವಾಗಿದ್ದರೂ ಕಿವಿ ಚುರುಕಾಗಿತ್ತು.

"ಅವ ಅಲ್ಲೇ ಸತ್ತಾನ ಅಂತ ಬರದಾರಲ್ಲಮ್ಮಾ! ಸೊಂಟದಾಗ ಅವನ ಪುಸ್ತಕ ಸಿಕ್ಕೈತಿ. ಹಂಗಾದ್ರ ಊರಿಗೆ ಬಂದಾವ ಯಾರು? ಅವನ ಹೆಸರು ಹೇಳ್ಕೊಂಡು ಬ್ಯಾರೆ ಯಾರರ ಬಂದಿದ್ರ?"

"ಹುಚ್ಚನ ಹಂಗ ಮಾತಾಡಬ್ಯಾಡ. ಹಡದಾಕಿಗೆ ಮಗನ ಗುರ್ತು ಸಿಗೂದಿಲ್ಲೇನು?"

ಜಂಗ್ಲಿಸಾಬರ ಮನಸ್ಸು ಮಾತ್ರ ತಿಳಿಯಾಗಲಿಲ್ಲ. ಮರುದಿನ ಅಂಗಡಿಯಲ್ಲಿ ಟ್ರ್ಯಾಲಿಯ ಕೊಂಡಿಯನ್ನು ತಲೆಕೆಳಗಾಗಿ ಬೆಸೆದು ಗಿರಾಕಿಯಿಂದ ಬೈಸಿಕೊಂಡರು. ಶುಕ್ರವಾರ ನಮಾಜು ಮುಗಿಸಿ ಖಬರಸ್ತಾನಕ್ಕೆ ಹೋದವರು ಗೋರಿಯ ಮುಂದೆ ಫಾತಿಹಾ ಓದಲೂ ಆಗದೆ, ಬಿಟ್ಟು ಬರಲೂ ಆಗದೆ ಸುಮ್ಮನೆ ನಿಂತಿದ್ದು ಬಂದರು. ನಾಹಿದಾಗೂ ಹಾಗೆಯೇ. ತರಗತಿಯಲ್ಲಿ ಹಾಜರಿ ಕರೆಯುವಾಗ ಒಂದೊಂದು ಹೆಸರಿಗೂ ತಲೆಯೆತ್ತಿ ಮುಖ ನೋಡತೊಡಗಿದಳು. ಇಂಗ್ಲೆಂಡಿನ ಕಾಗದದಲ್ಲಿ ಸತ್ತವನು ಮನೆಯಲ್ಲಿ ಬದುಕಿದ್ದ. ಯಾವುದನ್ನು ನಂಬುವುದು?

ಆ ಹೆಣದ ಬಗ್ಗೆ ಇನ್ನೇನಾದರೂ ಬರೆದಿಟ್ಟಿದ್ದಾರೆಯೇ ಎಂದು ಕೇಳಿ ಅವಳು ಹೆಲೆನ್ ಅವರಿಗೆ ಇಮೇಲ್ ಕಳಿಸಿದಳು. ಹತ್ತು ದಿನಕ್ಕೆ ಹಳೆಯ ದಫ್ತರದ ಒಂದು ಪುಟದ ಚಿತ್ರ ಬಂತು. ಓರೆ ಅಕ್ಷರಗಳನ್ನು ಅವಳು ಮೊಬೈಲಿನಲ್ಲಿ ದೊಡ್ಡದು ಮಾಡಿ ಓದಿದಳು. ಎತ್ತರದ ಆಳು. ವಯಸ್ಸು ಸುಮಾರು ಇಪ್ಪತ್ತು. ಬಲ ತೋಳಿನ ಮೇಲೆ ಹಚ್ಚೆ, ಗದೆ ಹಿಡಿದು ನಿಂತ ಕೋತಿಯ ಚಿತ್ರ.

"ದಾದಿ, ಮುತ್ಯಾನ ತೋಳಿನ ಮ್ಯಾಲ ಹಚ್ಚಿ ಇತ್ತೇನು? ಹಣಮಪ್ಪಂದು?"

ಮಾಬುಬೀ ಅಕ್ಕಿ ಆರಿಸುತ್ತಿದ್ದಳು. ಮೊರದಲ್ಲಿ ಆಡುತ್ತಿದ್ದ ಬೆರಳು ನಿಂತಿತು.

"ನಮ್ಮ ಬಾವಾಗ ಎಲ್ಲಿ ಹಚ್ಚಿ?" ಅಂದಳು. ತಂದೆಯನ್ನು ಅವಳು ಬಾವಾ ಅಂತಲೇ ಕರೆಯುತ್ತಿದ್ದಳು. ಮೊರವನ್ನು ಪಕ್ಕಕ್ಕಿಟ್ಟು, "ಮುಕ್ಕುಂದಕ್ಕ ಹೋಗೂಣು ನಡೀರಿ," ಅಂದಳು.

ಮಲೀಕಸಾಬ ಪ್ರತಿ ವರ್ಷ ಬಿತ್ತಿಗೆಯ ಹೊತ್ತಿಗೆ ಮುಕ್ಕುಂದಕ್ಕೆ ಹೋಗುತ್ತಿದ್ದನಂತೆ. ಅಲ್ಲಿ ರಾಮಣ್ಣ ಎಂಬ ರೈತನ ಹೊಲದಲ್ಲಿ ಎರಡು ದಿನ ಕೂರಿಗೆ ಹೊಡೆದು, ಕೂಲಿ ಮುಟ್ಟದೆ ಬರುತ್ತಿದ್ದನಂತೆ. ಮಾಬುಬೀ ಆರೇಳು ವರ್ಷದವಳಿದ್ದಾಗ ಒಮ್ಮೆ ಅವಳನ್ನೂ ಎತ್ತಿನ ಗಾಡಿಯಲ್ಲಿ ಕರೆದೊಯ್ದಿದ್ದ. ರಾಮಣ್ಣನ ಮುದಿ ತಾಯಿ ಅವನಿಗೆ ಬುತ್ತಿ ಬಿಚ್ಚಿ ಬಡಿಸಿದಳು. ಅವನು ತಲೆ ಬಗ್ಗಿಸಿಕೊಂಡೇ ಉಂಡ. ಅಂಥದೊಂದು ಹಚ್ಚೆಯನ್ನು ಅವಳು ಅವತ್ತು ರಾಮಣ್ಣನ ತೋಳಿನ ಮೇಲೆ ನೋಡಿದ್ದಳು.

"ಅವರು ಯಾರು ಬಾವಾ ಅಂತ ಕೇಳಿದೆ. ನಮ್ಮವರು ಅಂದ. ಅವರು ಹಿಂದೂ, ನಾವು ಮುಸಲ್ಮಾನರು, ಹೆಂಗ ನಮ್ಮವರಾಗ್ತಾರ ಅಂತ ನನಗ ತಿಳೀಲಿಲ್ಲ. ಮತ್ತ ಕೇಳಾಕ ಹೋಗಲಿಲ್ಲ."

ಭಾನುವಾರ ಮೂವರೂ ಬಸ್ಸಿನಲ್ಲಿ ಸಿಂಧನೂರಿಗೆ ಹೋಗಿ, ಅಲ್ಲಿಂದ ಆಟೋ ಮಾಡಿಕೊಂಡು ಮುಕ್ಕುಂದಕ್ಕೆ ಹೋದರು. ರಾಮಣ್ಣ ಸತ್ತು ಎಷ್ಟೋ ವರ್ಷವಾಗಿತ್ತು. ಮನೆಯಲ್ಲಿದ್ದವರು ಅವನ ಮಗಳು ಗದ್ದೆಮ್ಮ ಮತ್ತು ಅವಳ ಮಗ ವಿರೇಶ. ಎಂಬತ್ತರ ಗದ್ದೆಮ್ಮನಿಗೆ ಮಲೀಕಸಾಬನ ನೆನಪು ಚೆನ್ನಾಗಿಯೇ ಇತ್ತು.

"ಕೂರಿಗಿ ಸಾಬ! ಆತನ ಮಗಳೇನಕ್ಕಾ ನೀ? ಬಾ, ಕುಂದ್ರು."

ಚಹಾ ಆಯಿತು. ನಾಹಿದಾ ಹೇಗೆ ಶುರು ಮಾಡಬೇಕೆಂದು ತಿಳಿಯದೆ ನೇರವಾಗಿಯೇ ಕೇಳಿದಳು, "ನಿಮ್ಮ ಮನ್ಯಾಗ ಯಾರರ ನಮ್ಮ ಮುತ್ಯಾನ ಜೋಡಿ ಮುಂಬೈಗೆ ಹೋಗಿದ್ರೇನ್ರಿ?"

"ನಮ್ಮ ದೊಡ್ಡಪ್ಪ ಹೋಗಿದ್ದ. ನಮ್ಮಪ್ಪನ ಅಣ್ಣ."

"ಅವರ ತೋಳಿನ ಮ್ಯಾಲ ಹಚ್ಚಿ ಇತ್ತೇನ್ರಿ?"

"ಇತ್ತಂತ. ಅಣ್ಣ ತಮ್ಮ ಒಂದೇ ದಿನ ಸಂತ್ಯಾಗ ಹಾಕಿಸ್ಕೊಂಡಿದ್ದರಂತ. ನಮ್ಮಪ್ಪಂದು ನಾನೇ ನೋಡೀನಲ್ಲ, ಬಲಗೈಗೆ, ಗದಾ ಹಿಡಿದ ಹಣಮಪ್ಪ. ಯಾಕಬೇ ಕೇಳಾಕತ್ತಿ?"

ನಾಹಿದಾ ಮೊಬೈಲು ತೆಗೆದು ಪುಟವನ್ನು ಓದಿ ಹೇಳಿದಳು. ವಿರೇಶ ಅದನ್ನು ಕೈಗೆ ತೆಗೆದುಕೊಂಡು ತಾನೂ ನೋಡಿದ. ಗದ್ದೆಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಅದು ಹೆಂಗ? ನಮ್ಮ ದೊಡ್ಡಪ್ಪ ಮುಂಬೈಯಾಗ ಲಗ್ನ ಆಗಿ, ಮಕ್ಕಳು ಮರಿ ಮಾಡ್ಕೊಂಡು ಆರಾಮ ಇದ್ದ. ವರ್ಷಾ ನಿಮ್ಮಪ್ಪನೇ ಬಂದು ಸುದ್ದಿ ಹೇಳತಿದ್ದ. ಈ ವರ್ಷ ಗಂಡು ಹುಟ್ಟೈತಿ, ಈ ವರ್ಷ ಮಿಲ್ಲಿನಾಗ ಮುಕಾದಮ ಆಗ್ಯಾನ, ಹಿಂಗ. ನಮ್ಮಜ್ಜಿ ಆ ಸುದ್ದಿ ಕೇಳಾಕಂತನೇ ಬಿತ್ತಿಗಿ ಬರೂದನ್ನ ಕಾಯತಿದ್ದಳು."

ಮಾಬುಬೀ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ, ಈವರೆಗೆ ಯಾರಿಗೂ ಹೇಳದ ಮಾತೊಂದನ್ನು ತಡವರಿಸುತ್ತ ಹೇಳಿದಳು. ಮಲೀಕಸಾಬ ಸಾಯುವ ವಾರ ಜ್ವರದಲ್ಲಿ ಕನವರಿಸುತ್ತಿದ್ದ. ಮುಂಬೈಯ ದವಾಖಾನೆಯಲ್ಲಿ ನಾನು ಮಲಗಿದ್ದೆ, ಹಡಗು ಹೊರಡುವ ದಿನ ಬಂತು, ನನ್ನ ಪುಸ್ತಕ ಅವನಿಗೆ ಕೊಟ್ಟು ನೀ ಹೋಗು ಅಂದೆ, ಹೋದ, ಎಂದು ಪದೇಪದೇ ಹೇಳಿದ್ದ. ಮನೆಯವರು ಜ್ವರದ ಮಾತೆಂದು ಬಿಟ್ಟಿದ್ದರು.

"ನಾನೂ ಹಂಗಽ ಅನ್ಕೊಂಡಿದ್ದೆ," ಅಂದಳು ಮಾಬುಬೀ. "ಹಡಗು ಮುಳುಗಿದ ಮ್ಯಾಲ ಬಾವಾ ಎರಡು ವರ್ಷ ಊರಿಗೆ ಬಂದಿರಲಿಲ್ಲಂತ. ನಿಮ್ಮಜ್ಜಿಗೆ ಮಾರಿ ತೋರಸಾಕ ಆಗಿರಲಿಕ್ಕಿಲ್ಲ."

"ಮಾರಿ ತೋರಸಾಕ ಆಗದಾವ ವರ್ಷಾ ಬಂದು ಸುಳ್ಳು ಹೇಳಿದನಲ್ಲ!" ಗದ್ದೆಮ್ಮನ ದನಿ ಏರಿತು. "ಇಲ್ಲದ ಮೊಮ್ಮಕ್ಕಳ ಹೆಸರು ಹೇಳಿದ. ನಮ್ಮಜ್ಜಿ ಅವರಿಗೆ ಅಂತ ತಲಿಗೆ ಹಾಕೂ ಕುಲಾಯಿ ಹೊಲಿದು ಕೊಟ್ಟು ಕಳಸತಿದ್ದಳು. ಒಯ್ಯತಿದ್ದ! ಎಲ್ಲಿಗೆ ಒಯ್ಯತಿದ್ದ ಅವನ್ನ?"

ಅದಕ್ಕೆ ಮಾಬುಬೀಯ ಹತ್ತಿರ ಉತ್ತರವಿತ್ತು. ಅವಳು ಹೇಳಿದಳು, "ನಮಗ ಹಾಕತಿದ್ದ. ನಾವು ಐದೂ ಮಂದಿ ನಿಮ್ಮಜ್ಜಿ ಹೊಲಿದ ಕುಲಾಯಿ ಹಾಕ್ಕೊಂಡೇ ಬೆಳದೀವವ್ವಾ."

ಗದ್ದೆಮ್ಮ ಎದ್ದು ಒಳಗೆ ಹೋದಳು. ಹೋಗಬೇಕೋ ಕೂರಬೇಕೋ ತಿಳಿಯದೆ ಬಂದವರು ಹಾಗೇ ಕೂತರು. ಒಳಗಿನಿಂದ ಅಳುವಿನ ಸದ್ದಾಗಲಿ, ಬೈಗುಳವಾಗಲಿ ಕೇಳಲಿಲ್ಲ. ಆಮೇಲೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು.

"ಉಂಡು ಹೋಗಬೇಕಂತ್ರಿ," ಅಂದ ವಿರೇಶ, ಒಳಗೆ ಇಣುಕಿ ಬಂದು.

ಊಟಕ್ಕೆ ಕೂತಾಗ ನಾಹಿದಾ ಕೇಳಿದಳು, "ಅವರ ಹೆಸರು ಏನ್ರಿ ಅಜ್ಜಿ? ಕಲ್ಲಿನ ಮ್ಯಾಲ ಬರಸಬೇಕು."

ಗದ್ದೆಮ್ಮ ನೆನಪು ಮಾಡಿಕೊಂಡಳು. ನಮ್ಮಪ್ಪ ಅಣ್ಣ ಅನ್ನುತ್ತಿದ್ದ ಎಂದಳು. ಅಜ್ಜಿ ದೊಡ್ಡಾವ ಅನ್ನುತ್ತಿದ್ದಳು. ನಾವು ಮಕ್ಕಳು ಮುಂಬೈ ದೊಡ್ಡಪ್ಪ ಅನ್ನುತ್ತಿದ್ದೆವು. ಹಣಮಂತ ಇರಬಹುದು. ಅಲ್ಲ, ಅದು ಮುತ್ತಜ್ಜನ ಹೆಸರು. ವಿರೇಶ ಹಳೆಯ ಪಹಣಿಗಳನ್ನು ತೆಗೆದು ನೋಡಿದ, ಅದರಲ್ಲಿ ರಾಮಣ್ಣನ ಹೆಸರಷ್ಟೇ ಇತ್ತು. ಊರಿನ ಹಿರಿಯರಿಬ್ಬರನ್ನು ಕೇಳಿ ಬಂದ, ಅವರಿಗೂ ತಿಳಿಯದು. ಮುಂಬೈಯಲ್ಲಿ ಬಾಳಿ ಬದುಕಿದನೆಂದು ತಿಳಿದಿದ್ದ ಮನುಷ್ಯ ನೂರು ವರ್ಷದ ಹಿಂದೆಯೇ ಸತ್ತಿದ್ದ ಎಂದು ಗೊತ್ತಾಗುವ ಹೊತ್ತಿಗೆ ಅವನ ಹೆಸರು ಹೇಳುವವರು ಯಾರೂ ಉಳಿದಿರಲಿಲ್ಲ.

ಮುಂಬೈಯಲ್ಲಿ ಅವನ ಮಕ್ಕಳೇ ಮಾಡಿರುತ್ತಾರೆಂಬ ನಂಬಿಕೆಯಿಂದ ಇಲ್ಲಿ ಅವನ ದಿನಕರ್ಮವೂ ಆಗಿರಲಿಲ್ಲ. ಅದನ್ನಾದರೂ ಮಾಡಬೇಕೆಂದು ಗದ್ದೆಮ್ಮ ಹಟ ಹಿಡಿದಳು. ಮುಂದಿನ ಅಮಾವಾಸ್ಯೆಗೆ ಮುಕ್ಕುಂದದ ಹೊಳೆಯ ದಂಡೆಯಲ್ಲಿ ವಿರೇಶ ತಲೆ ಬೋಳಿಸಿಕೊಂಡು ಕೂತ. ಸಂತೆಕಲ್ಲೂರಿನಿಂದಲೂ ಮೂವರು ಬಂದಿದ್ದರು. ಮಾಬುಬೀಗೆ ಕೂರಲು ಒಂದು ಕುರ್ಚಿ ತಂದು ಹಾಕಿದ್ದರು.

ಕರ್ಮ ಮಾಡಿಸುವ ಅಯ್ಯನವರು ಕೇಳಿದರು, "ಸತ್ತವರ ಹೆಸರು ಹೇಳ್ರಿ."

ವಿರೇಶ ತಾಯಿಯ ಮುಖ ನೋಡಿದ. ಅಯ್ಯನವರು ನೀರು ತುಂಬಿದ ತಂಬಿಗೆ ಹಿಡಿದುಕೊಂಡೇ ಕಾದರು.

ಜಂಗ್ಲಿಸಾಬ್ ಹಿಂದಿನಿಂದ ಎರಡು ಹೆಜ್ಜೆ ಮುಂದೆ ಬಂದರು. ತಾನು ಮಾತಾಡುವುದು ಸರಿಯೋ ತಪ್ಪೋ ಎಂಬ ಅನುಮಾನ ಅವರ ಮುಖದಲ್ಲೇ ಇತ್ತು.

"ಬುದ್ಧೀರಿ, ಸಾಯೋ ದಿನ ಅವರು ನಮ್ಮಜ್ಜನ ಹೆಸರಿಲೇ ಇದ್ದರ‍್ರಿ. ಹಡಗಿನಾಗ ಅವರನ್ನ ಕರದದ್ದೂ ಅದೇ ಹೆಸರಿಲೇ. ನಡೀತದಂದ್ರ ಅದನ್ನ ಹೇಳ್ರಿ. ಅದು ಅವರದೇ."

ಅಯ್ಯನವರಿಗೆ ಏನೂ ಅರ್ಥವಾಗಲಿಲ್ಲ. ಅವರು ಗದ್ದೆಮ್ಮನ ಕಡೆ ತಿರುಗಿದರು. ಅವಳು ಜಂಗ್ಲಿಸಾಬರನ್ನು ನೋಡಿ ಹೌದೆಂದು ತಲೆಯಾಡಿಸಿದಳು.

"ಮಲೀಕ ಅನ್ರಿ," ಅಂದಳು. "ರಾಮಣ್ಣನ ಅಣ್ಣ ಮಲೀಕ."

ಅಯ್ಯನವರು ಹಾಗೆಯೇ ಅಂದರು. ವಿರೇಶ ನೀರು ಬಿಟ್ಟ.

ಆ ವಾರ ನಾಹಿದಾ ಹೆಲೆನ್ ಅವರಿಗೆ ಬರೆಯಲು ಕೂತಳು. ಒಂದು ಇಡೀ ಮಧ್ಯಾಹ್ನ ಬರೆದು ಬರೆದು ಹೊಡೆದುಹಾಕಿದಳು. ಇವನು ಮಲೀಕಸಾಬನಲ್ಲ ಎಂದು ಬರೆದರೆ ಹೊಳೆಯ ದಂಡೆಯಲ್ಲಿ ನಡೆದದ್ದು ಸುಳ್ಳಾಗುತ್ತಿತ್ತು. ಹೌದು ಎಂದು ಬರೆದರೆ ಇಲ್ಲಿನ ಗೋರಿ ಸುಳ್ಳಾಗುತ್ತಿತ್ತು. ಕಡೆಗೆ ಕಲ್ಲಿನ ಮೇಲೆ ಬರೆಸುವ ಹೆಸರು ಹಾಗೆಯೇ ಇರಲಿ, ಅದರ ಕೆಳಗೆ ಮುಕ್ಕುಂದದ ರಾಮಣ್ಣನ ಅಣ್ಣ ಎಂದು ಸೇರಿಸಿ ಎಂದಷ್ಟೇ ಬರೆದು ಕಳಿಸಿದಳು.

ಎರಡು ದಿನಕ್ಕೆ ಮರುಪತ್ರ ಬಂತು. ಖಂಡಿತ ಹಾಗೆಯೇ ಕೆತ್ತಿಸುತ್ತೇವೆ, ಆದರೆ ಹಡಗಿನವರ ಪಟ್ಟಿಯಲ್ಲಿ ರಾಮಣ್ಣ ಎಂಬ ಹೆಸರು ನಮಗೆ ಸಿಗುತ್ತಿಲ್ಲ, ಅವರು ಯಾರು ಎಂದು ಹೆಲೆನ್ ಕೇಳಿದ್ದರು. ನಾಹಿದಾ ಒಂದು ಉದ್ದನೆಯ ಉತ್ತರ ಬರೆಯತೊಡಗಿದಳು.